ನಾನು ಸಪ್ಪೆಯಾದದ್ದು

ಈ ಊರಿನಲ್ಲಿ ಊಟಕ್ಕೆ ರುಚಿ ಬರಬೇಕಾದರೆ ಹೊರಗಿನವರೊಬ್ಬರು ಜೊತೆಗೆ ಕೂತಿರಬೇಕು. ಬಳೆ ಮಾರುವವಳಾಗಲಿ, ಬಸ್ಸಿನ ಕಂಡಕ್ಟರಾಗಲಿ, ದಾರಿ ತಪ್ಪಿ ಘಟ್ಟ ಹತ್ತಿಬಂದ ಲಾರಿಯವನಾಗಲಿ, ಬೇರೆ ಊರಿನ ಒಂದು ಜೀವ ಗಂಗಾಳದ ಮುಂದೆ ಕೂತಿತೆಂದರೆ ಸಾಕು, ಆ ಮನೆಯ ಸಾರಿಗೆ ಉಪ್ಪು ಹತ್ತುತ್ತದೆ, ಹುಣಸೆ ಹುಳಿಯಾಗುತ್ತದೆ, ಮೆಣಸಿನಕಾಯಿ ಕಣ್ಣಲ್ಲಿ ನೀರು ತರಿಸುತ್ತದೆ. ಅವರು ಕೈ ತೊಳೆದು ಎದ್ದು ಹೋದರೆ ಅದೂ ಎದ್ದು ಹೋಯಿತು. ಮಿಕ್ಕ ದಿನ ಡಬ್ಬಿಗಟ್ಟಲೆ ಉಪ್ಪು ಸುರಿದರೂ ನಾಲಿಗೆಗೆ ಸುದ್ದಿ ಮುಟ್ಟುವುದಿಲ್ಲ.

ಹಾಗೆಂದು ಯಾರೂ ಉಪವಾಸ ಬಿದ್ದಿಲ್ಲ. ಅಜ್ಜಿ ಕೈಯಿಂದ ಅವ್ವನ ಕೈಗೆ, ಅವ್ವನ ಕೈಯಿಂದ ಮಗಳ ಕೈಗೆ ಉಪ್ಪಿನ ಅಳತೆ ಬಂದಿರುತ್ತದೆ. ಇಷ್ಟು ಬೇಳೆಗೆ ಇಷ್ಟು ಚಿಟಿಕೆ. ರುಚಿ ನೋಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹೊರಗಿನವರು ಬಂದ ದಿನ ಹೆಂಗಸರಿಗೆಲ್ಲ ಪರೀಕ್ಷೆಯ ದಿನ. ಮೊದಲ ತುತ್ತಿಗೆ ಗಂಡ ಹುಬ್ಬು ಗಂಟಿಕ್ಕಿದನೋ, ನಿಮ್ಮವ್ವ ನಿನಗೆ ಕೊಟ್ಟ ಅಳತೆಯೇ ಹೆಚ್ಚಿನದು ಎಂದನೋ, ಆ ಜಗಳ ಮುಂದಿನ ಅತಿಥಿ ಬರುವ ತನಕ ನಡೆಯುತ್ತದೆ.

ಬಂದವರನ್ನು ಇಲ್ಲಿ ಬೀಗರು ಎಂದೇ ಕರೆಯುತ್ತಾರೆ. ಮೊದಲೆಲ್ಲ ಬೀಗರ ಸಲುವಾಗಿ ಎಳೆದಾಟವೇ ಆಗುತ್ತಿತ್ತಂತೆ. ಒಬ್ಬ ಹಂಚಿನ ವ್ಯಾಪಾರಿಯನ್ನು ಒಂದೇ ಮಧ್ಯಾಹ್ನ ಓಣಿಯ ಎಲ್ಲ ಮನೆಯವರೂ ಕೂರಿಸಿ ಉಣ್ಣಿಸಿದ್ದಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ಘಟ್ಟ ಇಳಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಿರಾಣಿ ಅಂಗಡಿಯ ಬಸಲಿಂಗವ್ವ ಹೆಂಗಸರನ್ನೆಲ್ಲ ಸೇರಿಸಿ ಸಂಘ ಕಟ್ಟಿದಳು. ಬೀಗರು ಬಸ್ ಇಳಿದರೆ ಯಾವ ಮನೆಯ ಪಾಳಿಯೋ ಆ ಮನೆಗೆ ಹೋಗಬೇಕು, ಮಲಗಿದ ಮನೆಯಲ್ಲೇ ಉಣ್ಣಬೇಕು. ಮನೆಮನೆಗೂ ಹೋಮ್‌ಸ್ಟೇ ಎಂದು ನೀಲಿ ಬೋರ್ಡು ಬಂತು. ಬೀಗರು ಕೊಟ್ಟ ದುಡ್ಡಿನಲ್ಲಿ ಸೋರುವ ಮಾಡುಗಳು ರಿಪೇರಿಯಾದವು, ಒಬ್ಬಿಬ್ಬರ ಮಕ್ಕಳು ಕಾಲೇಜು ಕಂಡರು, ಗಂಡನ ಮುಂದೆ ಕೈಚಾಚುತ್ತಿದ್ದವರು ತಮ್ಮ ಸೆರಗಿನಲ್ಲೇ ಗಂಟು ಕಟ್ಟಿಕೊಂಡರು. ಬೀಗರಿಗೂ ಇಲ್ಲಿಯ ಹುಚ್ಚು ಹಿಡಿಯಿತು. ಯಾಕೆ ಹಿಡಿಯಬಾರದು? ತಾವು ಕೂತು ಒಂದು ತುತ್ತು ಮುರಿದದ್ದೇ ತಡ, ಮನೆಮಂದಿಯೆಲ್ಲ ಕಣ್ಣು ಮುಚ್ಚಿಕೊಂಡು, ನೀವು ಬಂದಿರಿ, ನಮ್ಮ ಬಾಯಿಗೆ ಜೀವ ಬಂತು ಎನ್ನುತ್ತಾರೆ. ಹಾಗೆ ಹೇಳಿಸಿಕೊಳ್ಳುವ ಭಾಗ್ಯ ಪಟ್ಟಣದಲ್ಲಿ ಯಾರಿಗಿದೆ?

ನಾನು ಕೂಡ ಹೊರಗಿನವಳಾಗಿಯೇ ಬಂದವಳು. ಘಟ್ಟದ ಕೆಳಗಿನ ಬಯಲಿನಿಂದ ಮಲಕಾಜಪ್ಪ ನನ್ನನ್ನು ಮದುವೆಯಾಗಿ ತಂದ. ಹೊರಗಿನ ಹೆಣ್ಣಿಗೆ ಇಲ್ಲಿ ಮೊದಲಿನಿಂದಲೂ ಬೇಡಿಕೆ. ಸೊಸೆ ಹೊಸಬಳಾಗಿರುವ ತನಕ ಮನೆಯಲ್ಲಿ ಮೂರು ಹೊತ್ತೂ ಹಬ್ಬದೂಟ. ವರ್ಷವೋ, ಸ್ವಲ್ಪ ಹೆಚ್ಚೋ, ಒಂದು ದಿನ ಅವಳು ಕೂತಿದ್ದರೂ ಸಾರು ಸಪ್ಪೆಯಾಗುತ್ತದೆ. ಆವತ್ತು ಮನೆಯವರಿಗೆ ಹಬ್ಬ ಮುಗಿದ ಬೇಸರವೂ ಹೌದು, ಸೊಸೆ ನಮ್ಮವಳಾದಳು ಎಂಬ ಸಂತೋಷವೂ ಹೌದು. ಓಣಿಯ ಹೆಂಗಸರು ಬಂದು ಹಾಡು ಹೇಳುತ್ತಾರೆ. ಅತ್ತೆ ಸೊಸೆಯ ಕೈಗೆ ಉಪ್ಪಿನ ಗಡಿಗೆ ಕೊಟ್ಟು ಚಿಟಿಕೆಯ ಅಳತೆ ಕಲಿಸುತ್ತಾಳೆ. ಅಲ್ಲಿಯ ತನಕ ಸೊಸೆಗೆ ಸ್ವಂತ ಗಡಿಗೆ ಇಲ್ಲ.

ನಾನು ಸಪ್ಪೆಯಾಗಲಿಲ್ಲ. ನನ್ನ ಜೊತೆ ಬಂದ ಸೊಸೆಯರು ಸಪ್ಪೆಯಾಗಿ, ಅವರ ಹೆಣ್ಣುಮಕ್ಕಳು ಮದುವೆಯಾದರೂ ನಾನು ಆಗಲಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ, ನನಗೂ ಇಲ್ಲ. ನಮ್ಮ ಅತ್ತೆಯದಂತೂ ವಿಚಿತ್ರ ಪಾಡು. ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು ನನ್ನ ಸೊಸೆಯನ್ನು ಸಪ್ಪೆ ಮಾಡಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು, ಊಟಕ್ಕೆ ಕೂತಾಗ ನನ್ನ ಕಡೆ ಹೆದರಿಕೊಂಡು ನೋಡುತ್ತಿದ್ದಳು.

"ಕಾಶಿ, ನೀ ಸಪ್ಪಗಾದ್ರ ನನಗ ಭಾಳ ಖುಷಿ. ಆದ್ರ ಇವತ್ತ ಬ್ಯಾಡವಾ, ಇವತ್ತ ಎಣ್ಣಿಗಾಯಿ ಮಾಡೀನಿ" ಎನ್ನುತ್ತಿದ್ದಳು.

ಹಾಗೆ ಎಣ್ಣೆಗಾಯಿ ತಿನ್ನುತ್ತ ತಿನ್ನುತ್ತಲೇ ಅವಳ ಆಯುಷ್ಯ ತೀರಿತು. ಮಲಕಾಜಪ್ಪನೂ ಹೋದ. ಅವನು ಗಾದಿ ಹೊಲಿಯುತ್ತಿದ್ದ, ನಾನು ಹತ್ತಿ ಹಿಂಜಿ ತುಂಬುತ್ತಿದ್ದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಉಣ್ಣುವಾಗ ಮಾತ್ರ ಮೂಗಿನಲ್ಲೇ ಏನೋ ಗುನುಗುತ್ತಿದ್ದ. ನನ್ನನ್ನು ನೋಡಿ ಮೆಚ್ಚಿ ತಂದನೋ, ನಾಲಿಗೆಯ ಆಸೆಗೆ ತಂದನೋ ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಪ್ರತಿ ಸಲವೂ ಅವನ ಗುನುಗಾಟ ಕೇಳಿ ಒಳಗೇ ಹೋಗುತ್ತಿತ್ತು.

ಅವನು ಹೋದ ಮೇಲೆ ದಬ್ಬಣ ನಾನೇ ಹಿಡಿದೆ. ಈ ಊರಿನಲ್ಲಿ ಬೀಗರು ಮಲಗುವ ಒಂದೊಂದು ಗಾದಿಯೂ ನನ್ನ ಕೈಯದು. ಯಾವ ಮನೆಯ ಬೀಗರು ಬೆಳಿಗ್ಗೆ ಎದ್ದು ಬೆನ್ನು ಹಗುರಾಯಿತು ಎಂದರೂ ಆ ಮಾತು ಸುತ್ತಿ ಬಳಸಿ ನನಗೆ ತಲುಪುತ್ತದೆ. ನನ್ನ ಮನೆಯ ಹೊರಕೋಣೆಯಲ್ಲೂ ಒಂದು ಗಾದಿ ಹಾಸಿಟ್ಟಿದ್ದೆ. ಎಲ್ಲಕ್ಕಿಂತ ಒಳ್ಳೆಯ ಹತ್ತಿ, ಎಲ್ಲಕ್ಕಿಂತ ಸಣ್ಣ ಹೊಲಿಗೆ. ಅದರ ಮೇಲೆ ಯಾರೂ ಮಲಗಿರಲಿಲ್ಲ. ನನ್ನ ಮನೆಗೆ ಪಾಳಿಯೇ ಇರಲಿಲ್ಲ.

ಪ್ರತಿ ವರ್ಷ ಸಂಘದ ಸಭೆಯಲ್ಲಿ ಕೇಳುತ್ತಿದ್ದೆ. ಬಸಲಿಂಗವ್ವ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದಳು. "ಇದು ಬಾಯಿ ಸತ್ತವರಿಗೆ ಹಂಚೋದವಾ. ನಿನ್ನ ಗಂಗಾಳದಾಗ ದಿನಾ ಹಬ್ಬ ಐತಿ. ನೀನ ಬೀಗರಿದ್ದಂಗ ಇದ್ದಿ, ನಿನಗ್ಯಾಕ ಮತ್ತೊಬ್ಬರು ಬೀಗರು?"

ಸುಳ್ಳೇನಲ್ಲ. ನನ್ನ ಊಟಕ್ಕೆ ಯಾವತ್ತೂ ರುಚಿಯಿತ್ತು. ಒಬ್ಬಳೇ ಕೂತು ಒಳ್ಳೆಯ ಸಾರು ಉಣ್ಣುವುದು ಹೇಗಿರುತ್ತದೆಂದು ಅವಳಿಗೆ ಹೇಳಲು ನನಗೆ ಬರುತ್ತಿರಲಿಲ್ಲ. ನಾಲಿಗೆ ಚೆನ್ನಾಗಿದೆ ಎನ್ನುತ್ತದೆ, ಯಾರಿಗೆ ಹೇಳುವುದು? ಎದುರಿಗೆ ಗೋಡೆ.

ಇನ್ನು ಗಾಳಿ ತಿಂಗಳುಗಳ ಕಥೆ ಬೇರೆ. ವರ್ಷದಲ್ಲಿ ಎರಡು ತಿಂಗಳು ಈ ಗುಡ್ಡದ ಮೇಲೆ ಎಂಥ ಗಾಳಿ ಬೀಸುತ್ತದೆಂದರೆ, ಕೆಂಧೂಳಿಯಲ್ಲಿ ಘಟ್ಟದ ದಾರಿಯೇ ಕಾಣುವುದಿಲ್ಲ. ಬಸ್ಸು ನಿಲ್ಲುತ್ತದೆ, ಬೀಗರು ನಿಲ್ಲುತ್ತಾರೆ. ಆಗ ಎಲ್ಲರಿಗೂ ನನ್ನ ನೆನಪಾಗುತ್ತಿತ್ತು. ಇವತ್ತು ಇವರ ಮನೆ, ನಾಳೆ ಅವರ ಮನೆ. ಬಾ ಕಾಶಿ, ಬಾ ಕಾಶವ್ವ, ಬಾರವಾ ಚಿಗವ್ವ ಎಂದು ಕೈ ಹಿಡಿದು ಕರೆದೊಯ್ಯುತ್ತಿದ್ದರು, ಮಣೆ ಹಾಕುತ್ತಿದ್ದರು. ತಲೆ ಎತ್ತದೆ ಉಣ್ಣುತ್ತಿದ್ದರು. ನಾನು ಮಾತುಗಾತಿ, ಏನೋ ಹೇಳಲು ಶುರು ಮಾಡಿದರೆ ಹೂಂ ಎನ್ನುತ್ತಿದ್ದರು, ಕಣ್ಣು ಗಂಗಾಳದಲ್ಲೇ. ನಾನು ಬೇಗ ಉಂಡು ಎದ್ದರೆ ಮಾತ್ರ ಎಲ್ಲರ ಮುಖವೂ ಮೇಲೇಳುತ್ತಿತ್ತು. ಕೂಡ್ರು, ಇನ್ನೊಂದು ರೊಟ್ಟಿ ಹಾಕಿಸಿಕೋ, ನಮ್ಮದಿನ್ನೂ ಮುಗಿದಿಲ್ಲ ಎನ್ನುತ್ತಿದ್ದರು. ಅವರೆಲ್ಲರದು ಮುಗಿದ ಮೇಲೆ ಹೋಗಿ ಬಾ ಎನ್ನುತ್ತಿದ್ದರು. ಊರಿನ ಎಲ್ಲ ಅಡುಗೆಮನೆಗಳನ್ನೂ ನಾನು ಬಲ್ಲೆ. ಒಂದರಲ್ಲಾದರೂ ಪಾತ್ರೆ ತೊಳೆಯಲು ನನ್ನನ್ನು ಬಿಟ್ಟಿರಲಿಲ್ಲ.

ಹೋದ ವರ್ಷ ಗಾಳಿ ಏಳುವ ಮುಂಚಿನ ವಾರ ಒಂದು ದೊಡ್ಡ ತಂಡ ಬಂದಿಳಿದು ಊರಿನ ಕೋಣೆಗಳೆಲ್ಲ ತುಂಬಿಹೋದವು. ಕೊನೆಯಲ್ಲಿ ಒಬ್ಬ ಹೆಂಗಸು ಉಳಿದಳು. ತಂಡದವಳಲ್ಲ, ಒಂಟಿಯಾಗಿ ಬಂದಿದ್ದಳು. ವತ್ಸಲಾ ಎಂದು ಹೆಸರು, ಯಾವುದೋ ಪಟ್ಟಣದ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತಿಯಾದವಳು. ಬಸಲಿಂಗವ್ವ ಬೇರೆ ದಾರಿಯಿಲ್ಲದೆ ಅವಳನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿ, ಇದು ಪಾಳಿಯಲ್ಲ, ಅನಿವಾರ್ಯ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು.

ಹೊರಕೋಣೆಯ ಗಾದಿಯನ್ನು ಮೂರು ಸಲ ಜಾಡಿಸಿದೆ. ಮಧ್ಯಾಹ್ನ ಊಟಕ್ಕೆ ಕೂರಿಸಿದಾಗ ಒಂದು ಯೋಚನೆ ಬಂತು. ಈ ಹೆಂಗಸು ಇಷ್ಟು ದೂರ ಬಂದಿದ್ದಾಳೆ. ಬೇರೆ ಮನೆಯಲ್ಲಾಗಿದ್ದರೆ ಅವಳಿಂದ ಊಟಕ್ಕೆ ಜೀವ ಬರುತ್ತಿತ್ತು, ಅವರು ಕಣ್ಣು ಮುಚ್ಚುತ್ತಿದ್ದರು. ನನ್ನ ಮನೆಯಲ್ಲಿ ಅವಳಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದು ಅವಳಿಗೆ ಗೊತ್ತಾಗಬಾರದು. ಹಾಗೆಂದುಕೊಂಡು ಮೊದಲ ತುತ್ತು ಬಾಯಿಗಿಟ್ಟು ನಾನೂ ಕಣ್ಣು ಮುಚ್ಚಿದೆ. ನೀವು ಬಂದ್ರಿ, ನಮ್ಮ ಬಾಯಿಗೆ ಜೀವ ಬಂತು ಎಂದೆ. ಕಣ್ಣು ತೆರೆದಾಗ ಆ ಹೆಂಗಸು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದಳು. ಮನೆಯಲ್ಲಿ ಅವಳಿಗೆ ಯಾರಿದ್ದಾರೋ ಏನೋ, ನಾನು ಕೇಳಲಿಲ್ಲ.

ಅವಳು ಇದ್ದಷ್ಟು ದಿನವೂ ಹಾಗೇ ಮಾಡಿದೆ. ಮೊದಲ ದಿನ ನಾಟಕವಾಗಿತ್ತು. ಆಮೇಲಾಮೇಲೆ ಅವಳು ಬಂದು ಕೂರುವ ತನಕ ನನಗೆ ಹಸಿವೆಯೇ ಆಗುತ್ತಿರಲಿಲ್ಲ. ಅವಳಿಗೆ ಒಂದೇ ಕೊರಗು, ಈ ಊರಿನ ಸಪ್ಪೆ ಊಟದ ಸುದ್ದಿ ಕೇಳಿ ಬಂದವಳು ಅದನ್ನು ಉಣ್ಣಲಾಗದೆ ಹೋಗುತ್ತಿದ್ದೇನೆ ಎಂದು. ಯಾವ ಬೀಗರಿಗೂ ಆಗದು, ಅವರು ಕೂತರೆಂದರೆ ರುಚಿ ಬಂದುಬಿಡುತ್ತದಲ್ಲ. ಒಂದು ಸಂಜೆ ನಾನು ಗಾದಿ ಹೊಲಿಯುತ್ತ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತು ಕೇಳಿದಳು. "ಸಪ್ಪೆ ಅಂದ್ರೆ ಹೇಗಿರುತ್ತೆ ಅಕ್ಕಾ? ಬಾಯಿಮಾತಲ್ಲಾದರೂ ಹೇಳಿ."

ನನಗೇನು ಗೊತ್ತು? ನಾನೂ ಉಂಡವಳಲ್ಲ. ತಂಡದವರನ್ನು ಬಿಟ್ಟರೆ ಇಡೀ ಗುಡ್ಡದ ಮೇಲೆ ಅದನ್ನು ಉಣ್ಣದವರು ಆವತ್ತು ನಾವಿಬ್ಬರೇ ಒಂದೇ ಜಗುಲಿಯ ಮೇಲೆ ಕೂತಿದ್ದೆವು. ಆದರೆ ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನು ತೋರಿಸಿದೆ.

"ಇದನ್ನ ಜಗದಂಗ ನೋಡ್ರಿ. ನಮ್ಮೂರಾಗ ಗಾಳಿ ತಿಂಗಳ ಬಂತಂದ್ರ ನಾವು ಹತ್ತೀನ ಉಣ್ಣೋದು. ಏನ್ ಮಾಡೋದು, ರೂಢಿ ಆಗೈತಿ ನಮಗ."

ಅವಳು ನಂಬಿದಳು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಳು.

ಅವಳು ಹೊರಡುವ ದಿನವೇ ಪಕ್ಕದ ಮನೆಯ ಯಮನವ್ವನ ಮಗಳು ದಾನಿಯ ಕುಬಸ. ಏಳು ತಿಂಗಳ ಬಸುರಿಗೆ ತವರಿನವರು ಸೀರೆ ಕೊಟ್ಟು, ಬೇಡಿದ್ದನ್ನೆಲ್ಲ ಮಾಡಿ ಉಣ್ಣಿಸುವ ದಿನ. ದಾನಿಯನ್ನು ಊರೊಳಗೇ ಕೊಟ್ಟಿದ್ದರಿಂದ ಗಂಡನ ಕಡೆಯಲ್ಲೂ ಹೊರಗಿನ ಜೀವವಿಲ್ಲ, ಆ ವರ್ಷ ಊರಿಗೆ ಹೊರಗಿನ ಹೊಸ ಸೊಸೆಯೂ ಬಂದಿರಲಿಲ್ಲ. ಹುಡುಗಿಗೆ ಪುಂಡಿಪಲ್ಯದ ಬಯಕೆ ಹತ್ತಿ ತಿಂಗಳಾಗಿತ್ತು, ಕುಬಸಕ್ಕೆಂದೇ ಕಾಯ್ದಿಟ್ಟಿದ್ದರು. ಹುಳಿಹುಳಿ ಪುಂಡಿಪಲ್ಯ, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಬಿಸಿ ರೊಟ್ಟಿ. ಕನಸಿನಲ್ಲೂ ಅದನ್ನೇ ಜಗಿಯುತ್ತಾಳೆ ಎಂದು ಯಮನವ್ವ ನಗುತ್ತಿದ್ದಳು. ತಂಡದವರು ಹಿಂದಿನ ದಿನವೇ ಇಳಿದು ಹೋಗಿದ್ದರು. ಗುಡ್ಡದ ಅಂಚಿನಲ್ಲಿ ಕೆಂಧೂಳಿ ಏಳತೊಡಗಿತ್ತು, ಬೆಳಗಿನ ಬಸ್ಸೇ ಕೊನೆಯ ಬಸ್ಸು. ಯಮನವ್ವ ನನ್ನ ಬಾಗಿಲಿಗೆ ಬಂದು, ನಿಮ್ಮ ಬೀಗರನ್ನು ಮಧ್ಯಾಹ್ನದ ತನಕ ನಿಲ್ಲಿಸಿಕೊಳ್ಳೋಣವೇ, ಹುಡುಗಿಯ ಊಟವೊಂದು ಆಗಿಬಿಡಲಿ ಎಂದು ಕೇಳಿದಳು.

"ಬಸ್ ತಪ್ಪಿದ್ರ ಎರಡ ತಿಂಗಳ ಇಲ್ಲೇ ಉಳೀಬೇಕಾಗತೈತಿ ಪಾಪ, ಹೋಗಲಿ ಬಿಡು. ನಾ ಇಲ್ಲೇನ?" ಎಂದೆ.

ಅದೂ ಹೌದಲ್ಲ, ನೀನಿದ್ದೀಯಲ್ಲ ಎಂದು ಯಮನವ್ವ ನಿಶ್ಚಿಂತೆಯಿಂದ ಹೋದಳು. ವತ್ಸಲಾ ನನ್ನ ಜೊತೆ ಉಪ್ಪಿಟ್ಟು ತಿಂದು ಬಸ್ ಹತ್ತಿದಳು.

ಮಧ್ಯಾಹ್ನ ಯಮನವ್ವನ ಮನೆಯಲ್ಲಿ ಓಣಿಯೇ ನೆರೆದಿತ್ತು. ಹಸಿರು ಸೀರೆಯಲ್ಲಿ ದಾನಿ ನಡುವೆ ಕೂತಿದ್ದಳು, ಅವಳ ಪಕ್ಕದ ಮಣೆ ನನಗೆ. ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು, ಎಲ್ಲಕ್ಕಿಂತ ಮುಂದೆ ಪುಂಡಿಪಲ್ಯ. ಎಲ್ಲರೂ ನಾನು ಕೂರುವುದನ್ನೇ ಕಾಯುತ್ತಿದ್ದರು. ಕೂತೆ. ದಾನಿ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು. ಜಗಿದಳು. ಇನ್ನೂ ಜಗಿದಳು. ಕಣ್ಣು ಮೆಲ್ಲಗೆ ಅವ್ವನ ಕಡೆ ತಿರುಗಿತು.

"ಅವ್ವಾ, ಇದಕ ಹುಳಿನ ಇಲ್ಲಲ್ಲ."

ಯಮನವ್ವ ಒಂದು ಎಸಳು ತೆಗೆದು ಬಾಯಿಗೆ ಹಾಕಿಕೊಂಡಳು. ಪಕ್ಕದವಳು ಹಾಕಿಕೊಂಡಳು. ಆಮೇಲೆ ಯಾರೂ ಪಾತ್ರೆಯನ್ನು ನೋಡಲಿಲ್ಲ, ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ನಾನು ನನ್ನ ತುತ್ತು ಬಾಯಿಗಿಟ್ಟೆ.

ವತ್ಸಲಾಗೆ ನಾನು ತಪ್ಪು ಹೇಳಿದ್ದೆ. ಹತ್ತಿಯಂತೆ ಇರಲಿಲ್ಲ. ಹತ್ತಿಗೆ ಅದರದೇ ಒಂದು ವಾಸನೆ, ಒಂದು ಒಣಗುಣವಾದರೂ ಇರುತ್ತದೆ. ಇದು ಬಾಗಿಲು ಬಡಿದ ಸದ್ದಾಗಿ ಎದ್ದು ಹೋಗಿ ನೋಡಿದರೆ ಯಾರೂ ಇಲ್ಲದಂತೆ. ಬಾಯಿ ತುಂಬಿದೆ, ಯಾರೂ ಬಂದಿಲ್ಲ.

ದಾನಿ ಅಳತೊಡಗಿದಳು. ಸಣ್ಣ ಮಕ್ಕಳ ಹಾಗೆ, ತುತ್ತು ಬಾಯಲ್ಲಿ ಇಟ್ಟುಕೊಂಡೇ. ಯಾರೋ ಬಸ್‌ಸ್ಟ್ಯಾಂಡಿನ ಕಡೆ ಓಡಿಹೋಗಿ ನೋಡಿ ಬಂದರು. ಘಟ್ಟದ ತುಂಬ ಧೂಳು, ನಾಯಿಯೂ ಇಲ್ಲ. ಯಮನವ್ವ ಸೌಟು ಹಿಡಿದು ನಿಂತೇ ಇದ್ದಳು. ಕೂಗಾಡಿದ್ದರೆ ಸಹಿಸಬಹುದಿತ್ತು. ಅವಳು ಮೆಲ್ಲಗೆ ಕೇಳಿದಳು.

"ಇಷ್ಟು ವರ್ಷ ಬಿಟ್ಟು, ಇವತ್ತ ಆಗಬೇಕಿತ್ತೇನ ಕಾಶಿ?"

ನಮ್ಮೂರು, ನಾವು, ನಮಗೆ ಎಂದು ವತ್ಸಲಾಗೆ ಹೇಳಿದ್ದು ನೆನಪಾಯಿತು. ಯಮನವ್ವ ಸೌಟು ಕೆಳಗಿಟ್ಟು ಒಳಗೆ ಹೋದಳು. ಅಟ್ಟದ ಮೇಲಿನ ಸಾಮಾನು ಸರಿಸುವ ಸದ್ದಾಯಿತು. ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡು ಬಂದು ನನ್ನ ಮುಂದೆ ಕುಕ್ಕರಿಸಿದಳು. ಬಟ್ಟೆ ಬಿಚ್ಚಿದರೆ ಉಪ್ಪಿನ ಗಡಿಗೆ. ಆ ಸೀರೆಯ ಚೂರು ಯಾರದೆಂದು ನನಗೆ ಗುರುತು ಸಿಕ್ಕಿತು.

"ನಿಮ್ಮತ್ತಿ ಸಾಯೂಮುಂದ ನನ್ನ ಕೈಯಾಗ ಕೊಟ್ಟಿದ್ಲು. ಆಕಿ ಸಪ್ಪಗಾದ ದಿನ ಕೊಡು, ಅಲ್ಲೀತನಕ ತೋರಸಬ್ಯಾಡ, ಮನಸಿಗೆ ಹಚ್ಚಿಕೋತಾಳ ಅಂದಿದ್ಲು. ತಗೋ."

ಗಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಯಾರೂ ಹಾಡು ಹೇಳಲಿಲ್ಲ. ಅಂಥ ಊಟದ ಮುಂದೆ ಯಾರಿಗೆ ಹಾಡು ಬರುತ್ತದೆ? ದಾನಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಳುತ್ತಲೇ, "ನನ್ನ ಪುಂಡಿಪಲ್ಯ ಕೆಡಿಸಿ ನೀ ಮದುಮಗಳಾದಿ ನೋಡು ಚಿಗವ್ವ" ಎಂದಳು. ಒಬ್ಬಿಬ್ಬರು ನಕ್ಕರು. ನಾನೂ ನಗಲು ನೋಡಿದೆ. ಆಮೇಲೆ ಎಲ್ಲರೂ ತಲೆ ತಗ್ಗಿಸಿ ಇದ್ದದ್ದನ್ನು ಉಂಡೆವು. ಊಟವಾದ ಮೇಲೆ ಯಮನವ್ವ ನನ್ನ ಮುಂದೆ ಪಾತ್ರೆಗಳ ರಾಶಿ ತಂದಿಟ್ಟಳು. ತೊಳೆದೆ.

ಗಾಳಿ ತಿಂಗಳು ಶುರುವಾಯಿತು. ಪ್ರತಿ ವರ್ಷದ ಹಾಗೆ ಮಧ್ಯಾಹ್ನಕ್ಕೆ ಮುಖ ತೊಳೆದು, ಸೀರೆ ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತೆ. ಯಾರೂ ಕರೆಯಲಿಲ್ಲ. ಮರುದಿನವೂ ಕರೆಯಲಿಲ್ಲ. ಅವರೆಲ್ಲ ಒಬ್ಬರ ಮನೆಗೊಬ್ಬರು ಹೋಗಿ ಉಣ್ಣುತ್ತಿದ್ದಾರೆ, ನನ್ನನ್ನು ಮಾತ್ರ ಬಿಟ್ಟಿದ್ದಾರೆ ಎಂದುಕೊಂಡೆ. ಇನ್ನು ಯಾವ ಕೆಲಸಕ್ಕೆ ನಾನು? ಒಂದು ಮಧ್ಯಾಹ್ನ ತಡೆಯದೆ ಎದ್ದು, ತಲೆಗೆ ಸೆರಗು ಬಿಗಿದುಕೊಂಡು ಓಣಿಯಲ್ಲಿ ನಡೆದೆ. ಬಾಗಿಲುಗಳೆಲ್ಲ ಮುಚ್ಚಿದ್ದವು. ಬಸಲಿಂಗವ್ವನ ಅಂಗಡಿಯ ಹಿಂದಿನ ಕಿಟಕಿ ಗಾಳಿಗೆ ತೆರೆದುಕೊಂಡಿತ್ತು. ಒಳಗೆ ಅವಳು ಒಂದು ಮೂಲೆಯಲ್ಲಿ, ಅವಳ ಗಂಡ ಇನ್ನೊಂದು ಮೂಲೆಯಲ್ಲಿ, ಇಬ್ಬರೂ ಗೋಡೆಯ ಕಡೆ ಮುಖ ಮಾಡಿಕೊಂಡು ಬೇಗಬೇಗ ನುಂಗುತ್ತಿದ್ದರು. ಮುಂದಿನ ಮನೆಯಲ್ಲೂ ಹಾಗೇ. ಯಮನವ್ವನ ಮನೆಯಲ್ಲೂ ಹಾಗೇ, ದಾನಿ ಗೋಡೆಗೆ ಹಣೆ ತಾಗಿಸಿಕೊಂಡು ರೊಟ್ಟಿ ಮುರಿಯುತ್ತಿದ್ದಳು.

ನಾನು ಕಾಲಿಟ್ಟ ಮನೆಯಲ್ಲೆಲ್ಲ ರುಚಿ ಇರುತ್ತಿದ್ದರಿಂದ ಇದನ್ನು ನಾನು ನೋಡಿಯೇ ಇರಲಿಲ್ಲ. ಸಪ್ಪೆಯ ದಿನಗಳಲ್ಲಿ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣುವುದಿಲ್ಲ. ನನ್ನನ್ನು ಅವರು ಬಿಟ್ಟಿರಲಿಲ್ಲ, ತಮ್ಮ ಹಾಗೆಯೇ ಇಟ್ಟಿದ್ದರು. ಮನೆಗೆ ಬಂದು ಮಣೆಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡೆ.

ಗಾಳಿ ನಿಂತು ಮೊದಲ ಬಸ್ಸು ಬರುವ ದಿನ ಹೆಂಗಸರೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿದ್ದರು. ನಾನು ಹೋದಾಗ ಯಮನವ್ವ ಒತ್ತರಿಸಿ ಜಾಗ ಮಾಡಿದಳು. ಬಸ್ಸಿನಿಂದ ಬೀಗರೆಂದು ಇಳಿದವನು ಒಬ್ಬನೇ, ಗಾಳಿಗೆ ಮುರಿದ ಛತ್ರಿ ಹಿಡಿದ ಸಣಕಲು ಮನುಷ್ಯ. ಮುಂದಿನ ಬಸ್ಸು ಸಂತೆಯ ದಿನಕ್ಕೆ. ಬಸಲಿಂಗವ್ವ ಗಂಟಲು ಸರಿಮಾಡಿಕೊಂಡಳು.

"ಹೊಸಾ ಗಡಿಗಿ ಬಂದ ಮನಿಗೆ ಮೊದಲ ಪಾಳಿ. ಕಾಶವ್ವ, ನಿಂದು."

ಇಷ್ಟು ವರ್ಷ ಸಭೆಯಲ್ಲಿ ಕೂತು ನಾನು ಕಾದ ಮಾತು. ಅಡುಗೆಮನೆಯಲ್ಲಿ ಬೇಳೆ ನೆನೆಸಿಟ್ಟು ಬಂದಿದ್ದೆ, ಗಾದಿಗೆ ಬಿಸಿಲು ತೋರಿಸಿದ್ದೆ. ಎರಡು ತಿಂಗಳಿನಿಂದ ನನ್ನ ಬಾಯಿಗೆ ಯಾರೂ ಬಂದಿರಲಿಲ್ಲ. ಸಾಲಿನ ಕೊನೆಯಲ್ಲಿ ದಾನಿ ನಿಂತಿದ್ದಳು, ದಿನ ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ಅವಳು ಬೀಗರನ್ನು ನೋಡುತ್ತಿರಲಿಲ್ಲ. ನೋಡಬಾರದೆಂದು ನೆಲ ನೋಡುತ್ತಿದ್ದಳು.

"ಇವರು ಯಮನವ್ವನ ಮನಿಗೆ ಹೋಗಲಿ. ಗಾದಿ ನಾ ತಂದು ಹಾಕತೀನಿ" ಎಂದೆ.

ಪಾಳಿ ಬಿಟ್ಟರೆ ಮತ್ತೆ ಸುತ್ತಿ ಬರುವ ತನಕ ಇಲ್ಲ, ನೋಡು ಎಂದಳು ಬಸಲಿಂಗವ್ವ. ಗೊತ್ತು ಎಂದೆ. ಯಮನವ್ವ ನನ್ನ ಮುಂಗೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಹೊರಕೋಣೆಯ ಗಾದಿಯನ್ನು ಸುತ್ತಿ ತಲೆಯ ಮೇಲೆ ಹೊತ್ತು ಅವರ ಮನೆಗೆ ಮುಟ್ಟಿಸಿ ಬಂದೆ.

ಮಧ್ಯಾಹ್ನ ಬೇಳೆ ಬೇಯಿಸಿ ಗಡಿಗೆಯ ಮುಚ್ಚಳ ತೆಗೆದೆ. ಚಿಟಿಕೆಯ ಅಳತೆ ಕಲಿಸಬೇಕಾದವಳು ಇರಲಿಲ್ಲ. ಇಷ್ಟು ದಿನ ನಾಲಿಗೆಯ ಮೇಲೆ ಇಟ್ಟು ನೋಡಿಯೇ ಹಾಕಿದವಳು ನಾನು, ಕೈಗೆ ಏನೂ ಗೊತ್ತಿಲ್ಲ. ಗೋಡೆಯಾಚೆ ಮಣೆ ಎಳೆದ ಸದ್ದಾಯಿತು, ಗಂಗಾಳಗಳ ಸದ್ದಾಯಿತು. ಗೋಡೆಗೆ ಕಿವಿಗೊಟ್ಟು ನಿಂತೆ. ಆಮೇಲೆ ದಾನಿಯ ದನಿ ಕೇಳಿತು, ತುಂಬಿದ ಬಾಯಿಯದು. ಅವ್ವಾ, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ನೋಡು ಎಂದಳು. ಅದು ನಿಮ್ಮ ಅಜ್ಜಿಯ ಅಳತೆ, ನನ್ನನ್ನು ಕೇಳಬೇಡ ಎಂದು ಯಮನವ್ವ ಜಗಳಕ್ಕೆ ನಿಂತಳು.

ನಾನು ಗಡಿಗೆಗೆ ಕೈ ಹಾಕಿ, ಬೆರಳಿಗೆ ಬಂದಷ್ಟು ತೆಗೆದು, ಸ್ವಲ್ಪ ಉದುರಿಸಿ ಮಿಕ್ಕದ್ದನ್ನು ಬೇಳೆಗೆ ಹಾಕಿದೆ. ಅದು ಸರಿಯೋ ತಪ್ಪೋ ಗೊತ್ತಾಗಲು ನನ್ನ ಪಾಳಿ ಬರಬೇಕು. ಗಂಗಾಳ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತೆ.